ಬ್ಯಾಡಗಿಯ ಮೆಣಸು, ಜಗತ್ತಿನ ಪೇಟೆ ಮತ್ತು ನಮ್ಮ ಮನೆಯ ಲೆಕ್ಕ

ಕರಾವಳಿಯ ಅಡುಗೆಮನೆಗಳಲ್ಲಿ ಬ್ಯಾಡಗಿ ಮೆಣಸು ಇಲ್ಲದ ದಿನವಿಲ್ಲ. ಮೀನಿನ ಸಾರಿರಲಿ, ಕೋಳಿ ಸುಕ್ಕವಿರಲಿ, ವರ್ಷಕ್ಕೊಮ್ಮೆ ಹುರಿದು ಪುಡಿಮಾಡಿ ಇಡುವ ಬಫಾತ್ ಪುಡಿಯಿರಲಿ, ಬಣ್ಣ ಬರಬೇಕಾದರೆ ಬ್ಯಾಡಗಿಯೇ ಆಗಬೇಕು. ಅಂಗಡಿಯಲ್ಲಿ ದರ ಏರಿದಾಗ ಗೊಣಗುತ್ತೇವೆ. ಇಳಿದಾಗ ಎರಡು ಕಿಲೋ ಹೆಚ್ಚೇ ಕೊಂಡು, ಬಿಸಿಲಿಗೆ ಹಾಕಿ, ಡಬ್ಬಿ ತುಂಬಿಸಿ ಇಡುತ್ತೇವೆ. ಆದರೆ ದರ ಇಳಿದ ದಿನ ಘಟ್ಟದ ಮೇಲೆ, ಅದನ್ನು ಬೆಳೆದವರ ಮನೆಯಲ್ಲಿ ಏನಾಗಿರುತ್ತದೆ ಎಂದು ಯೋಚಿಸುವುದು ಅಪರೂಪ.

2024ರ ಮಾರ್ಚ್ 11, ಸೋಮವಾರ. ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆಯಲ್ಲಿ ಅಂದು ಟೆಂಡರ್ ದಿನ. ಲಕ್ಷಗಟ್ಟಲೆ ಚೀಲ ಮೆಣಸಿನಕಾಯಿ ಬಂದು ಬಿದ್ದಿತ್ತು. ಹಿಂದಿನ ವಾರದವರೆಗೆ ಕ್ವಿಂಟಲ್‌ಗೆ 20 ಸಾವಿರ ರೂಪಾಯಿ ಆಸುಪಾಸಿನಲ್ಲಿದ್ದ ದರ ಒಮ್ಮೆಲೇ 8 ಸಾವಿರಕ್ಕೆ ಕುಸಿಯಿತೆಂದು ರೈತರು ಸಿಡಿದೆದ್ದರು. ಎಪಿಎಂಸಿ ಕಚೇರಿಗೆ ನುಗ್ಗಿದರು. ಗಾಜು ಒಡೆಯಿತು, ಕಡತಗಳು ಚೆಲ್ಲಾಪಿಲ್ಲಿಯಾದವು, ವಾಹನಗಳು ಹೊತ್ತಿ ಉರಿದವು. ಹಿಂಸೆ ಯಾವ ಕಾರಣಕ್ಕೂ ಸಮರ್ಥನೀಯವಲ್ಲ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ದುಡಿದು ತಿನ್ನುವ ಜನ ಒಂದು ಸೋಮವಾರ ಇಷ್ಟು ಸಿಟ್ಟಿಗೇಳಲು ಕಾರಣವೇನು? ಈ ಪ್ರಶ್ನೆ ಬ್ಯಾಡಗಿಗೆ ಮಾತ್ರ ಸೇರಿದ್ದಲ್ಲ. ಷೇರು ಪೇಟೆಗೆ ತಿಂಗಳು ತಿಂಗಳು ಹಣ ಹಾಕುವ ಮಂಗಳೂರಿನ ಯುವಕನಿಗೂ, ಗಲ್ಫ್‌ನಿಂದ ಮನೆಗೆ ಹಣ ಕಳುಹಿಸುವವರಿಗೂ, ಸ್ವಸಹಾಯ ಗುಂಪಿನಲ್ಲಿ ಸಾಲ ಪಡೆದ ತಾಯಂದಿರಿಗೂ ಇದು ಸೇರಿದೆ.

ಹಿಂದಿನ ವರ್ಷದ ದರವೆಂಬ ಆಮಿಷ

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಡಬ್ಬಿ ಮತ್ತು ಕಡ್ಡಿ ಅದರ ಹೆಸರುವಾಸಿ ತಳಿಗಳು. ಖಾರ ಕಡಿಮೆ, ಬಣ್ಣ ಹೆಚ್ಚು. ಈ ಬಣ್ಣವನ್ನು ಕಾರ್ಖಾನೆಗಳಲ್ಲಿ ಓಲಿಯೋರೆಸಿನ್ ರೂಪದಲ್ಲಿ ಹಿಂಡಿ ತೆಗೆಯುತ್ತಾರೆ. ಅದು ತಿಂಡಿ ತಿನಿಸುಗಳಿಗೂ, ತುಟಿಗೆ ಹಚ್ಚುವ ಬಣ್ಣಕ್ಕೂ ಬಳಕೆಯಾಗಿ ದೇಶ ವಿದೇಶಗಳಿಗೆ ಹೋಗುತ್ತದೆ. ಹೀಗಾಗಿ ಬ್ಯಾಡಗಿ ಎಂಬ ಸಣ್ಣ ಪಟ್ಟಣದ ದರ ಅಲ್ಲಿನ ಮಳೆ ಬೆಳೆಯನ್ನು ಮಾತ್ರ ನಂಬಿಕೊಂಡಿಲ್ಲ. ಬಳ್ಳಾರಿ, ರಾಯಚೂರು ಕಡೆಯ ಹೊಲ, ಆಂಧ್ರ ಮತ್ತು ತೆಲಂಗಾಣದ ಬೆಳೆ, ವಿದೇಶಿ ಖರೀದಿದಾರರ ಬೇಡಿಕೆ ಎಲ್ಲವೂ ಸೇರಿ ಅದನ್ನು ತೀರ್ಮಾನಿಸುತ್ತವೆ.

2021ರ ಕೊನೆಯಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನಕಾಯಿ ಹೊಲಗಳಿಗೆ ಹೊಸ ಜಾತಿಯ ಥ್ರಿಪ್ಸ್ ನುಸಿ ನುಗ್ಗಿತು. ಜೊತೆಗೆ ಅಕಾಲಿಕ ಮಳೆ. ಬೆಳೆ ಕಡಿಮೆಯಾಯಿತು, ದರ ಏರಿತು. 2022-23ರ ಹಂಗಾಮಿನಲ್ಲಿ ಒಳ್ಳೆಯ ಡಬ್ಬಿ ಮೆಣಸಿನಕಾಯಿ ಕ್ವಿಂಟಲ್‌ಗೆ 50 ಸಾವಿರ ರೂಪಾಯಿ ದಾಟಿತು. ಮೆಣಸು ಬೆಳೆದವರ ಕೈಯಲ್ಲಿ ಆ ವರ್ಷ ಹಣ ಓಡಾಡಿತು. ಸಹಜವಾಗಿಯೇ ಮುಂದಿನ ವರ್ಷ ಎಲ್ಲರೂ ಮೆಣಸಿನಕಾಯಿಯತ್ತ ತಿರುಗಿದರು. ಹಿಂದೆ ಹತ್ತಿಯೋ ಬೇರೆ ಬೆಳೆಯೋ ಇದ್ದ ಹೊಲಕ್ಕೂ ಮೆಣಸಿನ ಸಸಿ ಬಂತು. ಸಸಿ, ಗೊಬ್ಬರ, ಔಷಧಿ, ಬಿಡಿಸುವ ಕೂಲಿ - ಖರ್ಚು ಸಾಲದಿಂದ ನಡೆಯಿತು. ಸಾಲ ಕೊಟ್ಟವರೂ ಹಿಂದಿನ ವರ್ಷದ ದರ ನೋಡಿಯೇ ಕೊಟ್ಟರು. 2024ರ ಮಾರ್ಚ್ ಹೊತ್ತಿಗೆ ಎಲ್ಲರ ಮಾಲೂ ಒಟ್ಟಿಗೆ ಪೇಟೆಗೆ ಬಂತು. ಶೀತಲಗೃಹಗಳಲ್ಲೂ ದಾಸ್ತಾನಿತ್ತು. ಕೊಳ್ಳುವವರಿಗೆ ಅವಸರವಿರಲಿಲ್ಲ. ಮಾರುವವರಿಗೆ ಮಾತ್ರ ಅವಸರವಿತ್ತು, ಸಾಲದ ಗಡುವಿತ್ತು.

ಇಲ್ಲಿ ರೈತರನ್ನು ದೂರುವುದು ನನ್ನ ಉದ್ದೇಶವಲ್ಲ. ಕಲಿತವರೂ ಪಟ್ಟಣದವರೂ ಇದನ್ನೇ ಮಾಡುತ್ತಾರೆ, ಹೊಲದ ಬದಲು ಷೇರು ಪೇಟೆಯಲ್ಲಿ. ನೆರೆಮನೆಯವರು ಲಾಭ ಮಾಡಿದ್ದನ್ನು ಕಂಡು, ದರ ಮೇಲೇರಿದ ಮೇಲೆ ಒಳಗೆ ಹೋಗುವುದು. ದರ ಬಿದ್ದ ಮೇಲೆ ಹೆದರಿ, ನಷ್ಟದಲ್ಲಿ ಮಾರಿ ಹೊರಗೆ ಬರುವುದು. ಮಾಲು ಬೇರೆ, ತಪ್ಪು ಒಂದೇ.

2008: ಒಂದೇ ಬಿರುಗಾಳಿ, ಎರಡು ಮನೆ

ಜಗತ್ತಿನ ಘಟನೆ ಊರಿಗೆ ಹೇಗೆ ಬಂದಿಳಿಯುತ್ತದೆ ಎಂಬುದಕ್ಕೆ ಹಾವೇರಿಯೇ ಒಂದು ದುಃಖದ ಉದಾಹರಣೆ. 2008ರಲ್ಲಿ ಕಚ್ಚಾ ತೈಲದ ದರ ತಿಂಗಳು ತಿಂಗಳು ಏರುತ್ತಾ ಹೋಗಿ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತು. ಗೊಬ್ಬರದ ದರವೂ ಅದರ ಹಿಂದೆಯೇ ಓಡಿತು. 2007ರ ಆರಂಭದಲ್ಲಿ ಟನ್‌ಗೆ 300 ಡಾಲರ್‌ಗಿಂತ ಕಡಿಮೆಯಿದ್ದ ಡಿಎಪಿ 2008ರ ಮಧ್ಯದಲ್ಲಿ ಸುಮಾರು 1,200 ಡಾಲರ್ ಆಯಿತು. ಚೀನಾ ತನ್ನ ರೈತರಿಗೆ ಗೊಬ್ಬರ ಉಳಿಸಿಕೊಳ್ಳಲು ರಫ್ತಿನ ಮೇಲೆ ಭಾರಿ ಸುಂಕ ಹೇರಿತು. ನಮ್ಮ ದೇಶದಲ್ಲಿ ಆಗ ಡಿಎಪಿ ಚೀಲದ ಚಿಲ್ಲರೆ ದರ 500 ರೂಪಾಯಿಗಿಂತ ಕಡಿಮೆಯೇ ಇತ್ತು, ವ್ಯತ್ಯಾಸವನ್ನು ಸರಕಾರ ಸಬ್ಸಿಡಿಯಾಗಿ ಭರಿಸುತ್ತಿತ್ತು. ದರ ಏರಲಿಲ್ಲ. ಆದರೆ ಬೇಕಾದ ಹೊತ್ತಿಗೆ, ಬೇಕಾದಷ್ಟು ಮಾಲು ಸಿಗಲಿಲ್ಲ.

ಬಿತ್ತನೆಯ ಕಾಲ ಯಾರಿಗೂ ಕಾಯುವುದಿಲ್ಲ. ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಸೇರಿದ್ದ ರೈತರ ಪ್ರತಿಭಟನೆ ಕೈಮೀರಿತು. ಪೊಲೀಸರು ಗುಂಡು ಹಾರಿಸಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಗೊಬ್ಬರಕ್ಕೆಂದು ಮನೆಯಿಂದ ಹೊರಟವರು ಮನೆಗೆ ಮರಳಲಿಲ್ಲ. ವಿದೇಶಿ ಬಂದರುಗಳಲ್ಲಿ, ವಿದೇಶಿ ಸರಕಾರಗಳ ಕಚೇರಿಗಳಲ್ಲಿ ಆದ ತೀರ್ಮಾನಗಳ ಒತ್ತಡ, ನಮ್ಮ ಆಡಳಿತದ ಸಿದ್ಧತೆಯ ಕೊರತೆಯೊಂದಿಗೆ ಸೇರಿ, ಹಾವೇರಿಯ ಬೀದಿಯಲ್ಲಿ ರಕ್ತವಾಗಿ ಹರಿಯಿತು.

ಅದೇ ವರ್ಷ ಪಟ್ಟಣದ ಮನೆಗಳಲ್ಲೂ ಇನ್ನೊಂದು ಕಥೆ ನಡೆಯುತ್ತಿತ್ತು. 2008ರ ಜನವರಿ 10ರಂದು ಸೆನ್ಸೆಕ್ಸ್ 21 ಸಾವಿರ ದಾಟಿತ್ತು. ಆ ತಿಂಗಳು ರಿಲಯನ್ಸ್ ಪವರ್ ಕಂಪನಿಯ ಹೊಸ ಷೇರಿಗೆ ಜನ ಮುಗಿಬಿದ್ದರು. ಅದಕ್ಕೆಂದೇ ಡಿಮ್ಯಾಟ್ ಖಾತೆ ತೆರೆದವರಿದ್ದರು, ಸಾಲ ಮಾಡಿ ಅರ್ಜಿ ಹಾಕಿದವರಿದ್ದರು. 450 ರೂಪಾಯಿಗೆ ನೀಡಿದ ಷೇರು, ಸಣ್ಣ ಹೂಡಿಕೆದಾರರಿಗೆ 430. ಫೆಬ್ರುವರಿ 11ರಂದು ಪೇಟೆಗೆ ಬಂದ ಮೊದಲ ದಿನವೇ ಅದು 400ರ ಕೆಳಗೆ ಇಳಿಯಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೆಹ್ಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯಾಯಿತು. ಅಕ್ಟೋಬರ್ ಕೊನೆಗೆ ಸೆನ್ಸೆಕ್ಸ್ 8 ಸಾವಿರದ ಕೆಳಗೂ ಇಣುಕಿತು. ಮತ್ತೆ 21 ಸಾವಿರ ಕಾಣಲು 2010ರ ನವೆಂಬರ್ ಬರಬೇಕಾಯಿತು.

ಈ ಸುಮಾರು ಮೂರು ವರ್ಷ ಕಾದವರು ಯಾರು? ಆ ಹಣದ ಅಗತ್ಯ ತಕ್ಷಣಕ್ಕೆ ಇಲ್ಲದವರು. ಕಾಯಲಾಗದೆ ಅರ್ಧ ಬೆಲೆಗೆ ಮಾರಿದವರು ಯಾರು? ಮಗಳ ಮದುವೆಗೆ, ಕಾಲೇಜು ಶುಲ್ಕಕ್ಕೆ ಎಂದು ಇಟ್ಟ ಹಣವನ್ನು ಹಾಕಿದವರು, ಸಾಲ ಮಾಡಿ ಹಾಕಿದವರು. ಪೇಟೆ ಇಬ್ಬರಿಗೂ ಒಂದೇ ರೀತಿ ಕುಸಿದಿತ್ತು. ಆದರೆ ಕಾಯುವ ಶಕ್ತಿ ಇಬ್ಬರಲ್ಲೂ ಒಂದೇ ಆಗಿರಲಿಲ್ಲ.

2020ರಲ್ಲೂ ಇದೇ ಪಾಠ ಮರುಕಳಿಸಿತು. ಕೊರೋನಾ ಭಯದಿಂದ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಕಳೆದುಕೊಂಡು 26 ಸಾವಿರದ ಕೆಳಗೆ ಬಂತು. ಹತ್ತು ತಿಂಗಳಲ್ಲಿ, 2021ರ ಜನವರಿ 21ರಂದು, ಮೊದಲ ಬಾರಿಗೆ 50 ಸಾವಿರ ಮುಟ್ಟಿತು. ಕೆಲಸ ಹೋಗಿ, ಮನೆ ಖರ್ಚಿಗೆ ಬೇರೆ ದಾರಿ ಇಲ್ಲದೆ ಮಾರ್ಚ್‌ನಲ್ಲಿ ಮಾರಿದವರಿಗೆ ಆ ಏರಿಕೆಯ ಒಂದು ಪೈಸೆಯೂ ಸಿಗಲಿಲ್ಲ.

ರಾಣೆಬೆನ್ನೂರಿಗೆ ಬಂದ ಅಮೆರಿಕದ ಸುಂಕ

ಬ್ಯಾಡಗಿಯಿಂದ ಸ್ವಲ್ಪ ದೂರದಲ್ಲಿ, ಅದೇ ರೈಲು ಮಾರ್ಗದ ಮೇಲೆ ರಾಣೆಬೆನ್ನೂರು ಇದೆ. ಹತ್ತಿ, ಗೋವಿನಜೋಳ ಇಲ್ಲಿನ ಮುಖ್ಯ ಬೆಳೆಗಳು. ಹತ್ತಿ ಮತ್ತು ತರಕಾರಿಗಳ ಹೈಬ್ರಿಡ್ ಬೀಜೋತ್ಪಾದನೆಗೂ ಈ ತಾಲೂಕು ಹೆಸರಾಗಿದೆ. ಹೆಂಗಸರು ಹೂವಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ ತಯಾರಿಸುವ ಬೀಜ ದೂರದೂರದ ಹೊಲಗಳಿಗೆ ಹೋಗುತ್ತದೆ.

2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ದೇಶದ ಹಲವು ಸರಕುಗಳ ಮೇಲೆ ಮೊದಲು ಶೇ. 25, ನಂತರ ಆಗಸ್ಟ್ 27ರಿಂದ ಒಟ್ಟು ಶೇ. 50 ಸುಂಕ ಹೇರಿತು. ಸಿದ್ಧ ಉಡುಪು ರಫ್ತು ಮಾಡುವವರಿಗೆ ದೊಡ್ಡ ಪೆಟ್ಟು ಬಿತ್ತು. ಅವರಿಗೆ ನೆರವಾಗಲೆಂದು ಕೇಂದ್ರ ಸರಕಾರ ಹತ್ತಿಯ ಆಮದಿನ ಮೇಲಿದ್ದ ಶೇ. 11 ಸುಂಕವನ್ನು ಆಗಸ್ಟ್ 19ರಿಂದ ಕೈಬಿಟ್ಟಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದಿದ್ದುದನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿತು. ಗಿರಣಿಗಳಿಗೆ ವಿದೇಶಿ ಹತ್ತಿ ಅಗ್ಗವಾಯಿತು. ಆದರೆ ಆ ತಿಂಗಳುಗಳು ನಮ್ಮ ರೈತರು ಹತ್ತಿ ಬಿಡಿಸಿ ಪೇಟೆಗೆ ತರುವ ತಿಂಗಳುಗಳೂ ಹೌದು. ಆ ವರ್ಷ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಲ್‌ಗೆ 7,710, ಉದ್ದ ಎಳೆಯದಕ್ಕೆ 8,110 ರೂಪಾಯಿ ಬೆಂಬಲ ಬೆಲೆ ಘೋಷಣೆಯಾಗಿತ್ತು. ಖಾಸಗಿಯವರು ಅದಕ್ಕಿಂತ ಕಡಿಮೆ ಕೇಳಿದಾಗ ರೈತರಿಗೆ ಉಳಿದ ಆಸರೆ ಭಾರತೀಯ ಹತ್ತಿ ನಿಗಮದ ಖರೀದಿ ಮಾತ್ರ. ವಾಷಿಂಗ್ಟನ್ನಿನಲ್ಲಿ ಹಾಕಿದ ಒಂದು ಸಹಿ, ದೆಹಲಿಯ ಒಂದು ಆದೇಶದ ಮೂಲಕ ಹಾವೇರಿ ಜಿಲ್ಲೆಯ ಹತ್ತಿ ಹೊಲಕ್ಕೆ ತಲುಪಿದ್ದು ಹೀಗೆ.

ಗೋವಿನಜೋಳದ್ದೂ ಇಂತಹದೇ ಕಥೆ. ಎಥೆನಾಲ್ ಕಾರ್ಖಾನೆಗಳ ಬೇಡಿಕೆಯಿಂದ ಹಿಂದೆ ಒಳ್ಳೆಯ ದರವಿತ್ತು. ಬಿತ್ತನೆ ಹೆಚ್ಚಿತು. 2025ರ ನವೆಂಬರ್‌ನಲ್ಲಿ ಸುಗ್ಗಿ ಬಂದಾಗ ಬೆಂಬಲ ಬೆಲೆ 2,400 ರೂಪಾಯಿ ಇದ್ದರೂ ಪೇಟೆಯಲ್ಲಿ ದರ 2 ಸಾವಿರದ ಕೆಳಗೆ ಬಿತ್ತು. ಹಾವೇರಿ, ಗದಗ ಜಿಲ್ಲೆಗಳಲ್ಲಿ ರೈತರು ರಸ್ತೆಗಿಳಿದರು. ರಾಜ್ಯ ಸರಕಾರ ಕೇಂದ್ರಕ್ಕೆ ಪತ್ರ ಬರೆಯಿತು. ಬೆಂಬಲ ಬೆಲೆ ಘೋಷಣೆಯಾಗುವುದು ಬೇರೆ, ಆ ಬೆಲೆಗೆ ಸಕಾಲದಲ್ಲಿ ಖರೀದಿ ಕೇಂದ್ರ ತೆರೆಯುವುದು ಬೇರೆ ಎಂಬುದು ಮತ್ತೊಮ್ಮೆ ಸ್ಪಷ್ಟವಾಯಿತು. 'ಕೈ ಕೆಸರಾದರೆ ಬಾಯಿ ಮೊಸರು' ಎಂದು ನಮ್ಮ ಹಿರಿಯರು ಹೇಳಿದರು. ಇಂದು ಕೆಸರು ನಮ್ಮ ಊರಿನದು, ಮೊಸರಿನ ಬೆಲೆ ಕಟ್ಟುವವರು ಮಾತ್ರ ಎಲ್ಲೋ ದೂರದಲ್ಲಿದ್ದಾರೆ.

ಒಂದು ಮನೆಯ ಲೆಕ್ಕ

ದರ ಸ್ವಲ್ಪ ಇಳಿದರೆ ಆದಾಯವೂ ಸ್ವಲ್ಪ ಇಳಿಯುತ್ತದೆ ಎಂದು ನಾವು ಭಾವಿಸುತ್ತೇವೆ. ಅದು ಹಾಗಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಇದು ಯಾರದೇ ನಿಜ ಮನೆಯ ಲೆಕ್ಕವಲ್ಲ, ತಿಳಿವಳಿಕೆಗಾಗಿ ಹಾಕಿದ್ದು.

ಒಂದು ಕುಟುಂಬ ನಾಲ್ಕು ಎಕರೆಯಲ್ಲಿ ಗೋವಿನಜೋಳ ಬೆಳೆಯಿತು ಎನ್ನಿ. ಎಕರೆಗೆ 20 ಕ್ವಿಂಟಲ್‌ನಂತೆ 80 ಕ್ವಿಂಟಲ್. ಖರ್ಚು ಎಕರೆಗೆ 20 ಸಾವಿರದಂತೆ 80 ಸಾವಿರ ರೂಪಾಯಿ. 2,400 ರೂಪಾಯಿ ದರ ಸಿಕ್ಕಿದರೆ ಬರುವುದು 1 ಲಕ್ಷದ 92 ಸಾವಿರ. ಖರ್ಚು ಕಳೆದು ಉಳಿಯುವುದು 1 ಲಕ್ಷದ 12 ಸಾವಿರ. ದರ 1,700ಕ್ಕೆ ಇಳಿದರೆ ಬರುವುದು 1 ಲಕ್ಷದ 36 ಸಾವಿರ, ಉಳಿಯುವುದು 56 ಸಾವಿರ. ದರ ಇಳಿದದ್ದು ಶೇ. 29 ಮಾತ್ರ. ಮನೆಗೆ ಉಳಿಯುವ ಹಣ ಮಾತ್ರ ಸರಿಯಾಗಿ ಅರ್ಧವಾಯಿತು. ಏಕೆಂದರೆ ಖರ್ಚು ಮೊದಲೇ ಆಗಿಹೋಗಿದೆ, ಅದು ದರದೊಂದಿಗೆ ಇಳಿಯುವುದಿಲ್ಲ.

ಈಗ ಈ ಮನೆಗೆ ಎಲ್ಲ ಸಾಲಗಳ ಕಂತು ಸೇರಿ ತಿಂಗಳಿಗೆ 5 ಸಾವಿರ ಇದೆ ಎನ್ನಿ. ವರ್ಷಕ್ಕೆ 60 ಸಾವಿರ. ಒಳ್ಳೆಯ ದರದಲ್ಲಿ ಕಂತು ಕಟ್ಟಿಯೂ 52 ಸಾವಿರ ಉಳಿಯುತ್ತಿತ್ತು. ಕೆಟ್ಟ ದರದಲ್ಲಿ ಒಂದು ಹಿಡಿ ಅಕ್ಕಿ ಕೊಳ್ಳುವ ಮೊದಲೇ 4 ಸಾವಿರ ಕಡಿಮೆ ಬೀಳುತ್ತದೆ. ಆಗ ಹೊಸ ಸಾಲ ಮಾಡಿ ಹಳೆಯ ಕಂತು ಕಟ್ಟುವುದು ಆರಂಭವಾಗುತ್ತದೆ.

ಸಾಲ ಮಾಡಿ ಷೇರಿನಲ್ಲಿ ಹಣ ಹಾಕುವವರ ಲೆಕ್ಕವೂ ಇಷ್ಟೇ. ಕೈಯಲ್ಲಿದ್ದ 50 ಸಾವಿರಕ್ಕೆ ಇನ್ನೂ 50 ಸಾವಿರ ಸಾಲ ಸೇರಿಸಿ 1 ಲಕ್ಷ ಹಾಕಿದಿರಿ. ಪೇಟೆ ಶೇ. 30 ಇಳಿದರೆ ಉಳಿಯುವುದು 70 ಸಾವಿರ. ಸಾಲ ತೀರಿಸಿದರೆ ನಿಮ್ಮದಾಗಿ ಉಳಿಯುವುದು 20 ಸಾವಿರ. ನಿಮ್ಮ ಸ್ವಂತ ಹಣ ಶೇ. 60 ಹೋಯಿತು, ಬಡ್ಡಿ ಬೇರೆ.

ಹಾವೇರಿ ಜಿಲ್ಲೆಯ ಮಹಿಳೆಯರು 2025ರ ಜನವರಿಯಲ್ಲಿ ತಮ್ಮ ಮಾಂಗಲ್ಯವನ್ನು ಅಂಚೆಯಲ್ಲಿ ಮುಖ್ಯಮಂತ್ರಿಗೆ ಕಳುಹಿಸಿ ಅಳಲು ತೋಡಿಕೊಂಡದ್ದನ್ನು ಈ ಲೆಕ್ಕದ ಬೆಳಕಿನಲ್ಲಿ ನೋಡಬೇಕು. ಮೈಕ್ರೋಫೈನಾನ್ಸ್ ಸಾಲ ವಸೂಲಿಗೆ ಬರುವವರ ಕಿರುಕುಳ ತಾಳಲಾಗದೆ ಅವರು ಹಾಗೆ ಮಾಡಿದ್ದರು. ಫೆಬ್ರುವರಿ 12ರಂದು ಬಲವಂತದ ವಸೂಲಿ ತಡೆಯುವ ಸುಗ್ರೀವಾಜ್ಞೆ ರಾಜ್ಯದಲ್ಲಿ ಜಾರಿಗೆ ಬಂತು, ಮುಂದೆ ಅದು ಕಾಯ್ದೆಯೂ ಆಯಿತು. ತಪ್ಪಿತಸ್ಥರಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಕಾನೂನು ಬಂದದ್ದು ಒಳ್ಳೆಯದೇ. ಆದರೆ ಬಾಗಿಲಿಗೆ ಬಂದವನನ್ನು ಕಾನೂನು ತಡೆಯಬಹುದು, ಬೆಳೆಯ ದರವನ್ನು ಅದು ಏರಿಸಲಾರದು.

ರೂಪಾಯಿ ಇಳಿದರೆ ಯಾರಿಗೆ ಲಾಭ?

ಜಗತ್ತಿನ ಏರುಪೇರು ಎಲ್ಲರಿಗೂ ಒಂದೇ ದಿಕ್ಕಿನಲ್ಲಿ ಹೊಡೆಯುವುದಿಲ್ಲ ಎಂಬುದನ್ನೂ ಗಮನಿಸಬೇಕು. 2025ರ ಡಿಸೆಂಬರ್‌ನಲ್ಲಿ ಡಾಲರ್ ಒಂದಕ್ಕೆ ರೂಪಾಯಿ ಮೊದಲ ಬಾರಿ 90 ದಾಟಿತು. ದುಬೈಯ ದಿರ್ಹಂ ಡಾಲರ್‌ಗೆ ಕಟ್ಟಿಕೊಂಡ ಹಣ. 2020ರ ಆರಂಭದಲ್ಲಿ 1,000 ದಿರ್ಹಂ ಕಳುಹಿಸಿದರೆ ಮನೆಗೆ ಸುಮಾರು 19,500 ರೂಪಾಯಿ ಬರುತ್ತಿತ್ತು. 2025ರ ಡಿಸೆಂಬರ್‌ನಲ್ಲಿ ಅದೇ 1,000 ದಿರ್ಹಂಗೆ ಸುಮಾರು 24,500. ಕರಾವಳಿಯ ಎಷ್ಟೋ ಮನೆಗಳಿಗೆ ಇದು ಸಂತೋಷದ ಸುದ್ದಿ.

ಆದರೆ ಅದೇ ರೂಪಾಯಿಯಲ್ಲಿ ದೇಶ ಕಚ್ಚಾ ತೈಲ ಕೊಳ್ಳಬೇಕು, ಗೊಬ್ಬರ ಕೊಳ್ಳಬೇಕು, ಅಡುಗೆ ಎಣ್ಣೆ ಕೊಳ್ಳಬೇಕು. ನಾವು ಬಳಸುವ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. 2022ರ ಫೆಬ್ರುವರಿ 24ರಂದು ರಷ್ಯಾ ಯುಕ್ರೇನ್ ಮೇಲೆ ಯುದ್ಧ ಸಾರಿದಾಗ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ದರ ಹೇಗೆ ಜಿಗಿಯಿತೆಂದು ಮನೆ ನಡೆಸುವವರಿಗೆ ನೆನಪಿರಬಹುದು. ಆ ಎಣ್ಣೆಯ ಬಹುಪಾಲು ಆ ಎರಡು ದೇಶಗಳಿಂದಲೇ ಬರುತ್ತಿತ್ತು. ಗಲ್ಫ್ ಹಣ ಬರುವ ಮನೆ ಈ ಏರಿಕೆಯನ್ನು ತಾಳಿಕೊಳ್ಳುತ್ತದೆ. ರಾಣೆಬೆನ್ನೂರಿನಲ್ಲಿ ಕೂಲಿ ಮಾಡುವ ಮನೆಗೆ ಏರಿಕೆ ಮಾತ್ರ ಬರುತ್ತದೆ, ದಿರ್ಹಂ ಬರುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಯುದ್ಧ, ಸುಂಕ, ರೋಗ ಇವನ್ನು ನಾವು ತಡೆಯಲಾರೆವು. ಮುಂದಿನ ವರ್ಷದ ದರ ಹೇಳಬಲ್ಲವರು ಬ್ಯಾಡಗಿಯಲ್ಲೂ ಇಲ್ಲ, ಮುಂಬೈಯಲ್ಲೂ ಇಲ್ಲ. ನಮ್ಮ ಕೈಯಲ್ಲಿರುವುದು ಒಂದೇ: ದರ ಬಿದ್ದಾಗ ಕಾಯಬಲ್ಲ ಶಕ್ತಿಯನ್ನು ಮೊದಲೇ ಗಳಿಸಿಕೊಳ್ಳುವುದು. ಆದ್ದರಿಂದ ಹಣ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ 'ಎಷ್ಟು ಲಾಭ ಬಂದೀತು?' ಎಂಬುದಲ್ಲ. 'ದರ ಅರ್ಧಕ್ಕೆ ಇಳಿದರೆ ನನ್ನ ಮನೆ ನಡೆಯುತ್ತದೆಯೇ?' ಎಂಬುದು. ಹೊಲಕ್ಕೂ ಷೇರಿಗೂ ಚಿನ್ನಕ್ಕೂ ಇದೇ ಪ್ರಶ್ನೆ. ಉತ್ತರ 'ಇಲ್ಲ' ಎಂದಾದರೆ ಹಾಕುವ ಮೊತ್ತವನ್ನು ಕಡಿಮೆ ಮಾಡಬೇಕು. ಈ ಹಿನ್ನೆಲೆಯಲ್ಲಿ ಕೆಲವು ಸಂಗತಿಗಳನ್ನು ಗಮನದಲ್ಲಿಡುವುದು ಒಳಿತು.

ಮೊದಲನೆಯದಾಗಿ, ಕೆಲವು ತಿಂಗಳ ಮನೆಖರ್ಚನ್ನು ಬೇಕೆಂದಾಗ ತೆಗೆಯುವಂತೆ ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಇಟ್ಟು, ಆಮೇಲೆ ಮಿಕ್ಕ ಮಾತು. ಒಕ್ಕಲುತನದ ಮನೆಯಾದರೆ ಮುಂದಿನ ಬಿತ್ತನೆಯ ಬೀಜ ಗೊಬ್ಬರದ ಹಣವನ್ನೂ ಇದರಲ್ಲೇ ಸೇರಿಸಬೇಕು. ಐದಾರು ವರ್ಷ ಮುಟ್ಟದೆ ಇರಬಲ್ಲ ಹಣ ಮಾತ್ರ ಷೇರಿಗೆ ಅಥವಾ ಮ್ಯೂಚುವಲ್ ಫಂಡಿಗೆ ಹೋಗಬೇಕು.

ಎರಡನೆಯದಾಗಿ, ಬೆಳೆ ವಿಮೆಯನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಫಸಲ್ ಬಿಮಾ ಯೋಜನೆ ಇಳುವರಿ ನಷ್ಟಕ್ಕೆ ಪರಿಹಾರ ಕೊಡುತ್ತದೆ, ದರ ಕುಸಿತಕ್ಕೆ ಅಲ್ಲ. ಮೆಣಸಿನಕಾಯಿಗೆ ಬೆಂಬಲ ಬೆಲೆಯ ಪಟ್ಟಿಯಲ್ಲಿ ಸ್ಥಾನವೂ ಇಲ್ಲ. 2025ರ ಫೆಬ್ರುವರಿಯಲ್ಲಿ ಆಂಧ್ರದ ಮೆಣಸಿನಕಾಯಿಗೆ ಕೇಂದ್ರವು ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕ್ವಿಂಟಲ್‌ಗೆ 11,781 ರೂಪಾಯಿ ನಿಗದಿ ಮಾಡಿತು. ಅದೂ ದರ ಕುಸಿದು ಕೂಗು ಎದ್ದ ಮೇಲೆ. ಎಲ್ಲ ಎಕರೆಗೂ ಒಂದೇ ಬೆಳೆ ಹಾಕುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಮೂರನೆಯದಾಗಿ, ಸಾಲದ ಮಿತಿ. ಮೈಕ್ರೋಫೈನಾನ್ಸ್ ಸಾಲದ ಬಗ್ಗೆ ರಿಸರ್ವ್ ಬ್ಯಾಂಕ್ 2022ರಲ್ಲಿ ಮಾಡಿದ ನಿಯಮದಂತೆ ಒಂದು ಮನೆಯ ಎಲ್ಲ ಸಾಲಗಳ ಕಂತು ಆ ಮನೆಯ ತಿಂಗಳ ಆದಾಯದ ಅರ್ಧಕ್ಕಿಂತ ಹೆಚ್ಚಾಗುವಂತೆ ಸಾಲ ಕೊಡಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಇವು ಸಾಲಗಾರರ ಹಕ್ಕುಗಳು. ಆದರೆ ಅರ್ಧವೆಂಬುದು ಹೊರಗಿನ ಗಡಿ. ಬೆಳೆಯ ದರ ನಂಬಿ ಬದುಕುವ ಮನೆ ಅದರ ಹತ್ತಿರಕ್ಕೂ ಹೋಗದಿರುವುದೇ ಕ್ಷೇಮ.

ನಾಲ್ಕನೆಯದಾಗಿ, ಚಿನ್ನ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಅಪ್ಪಟ ಚಿನ್ನ 1 ಲಕ್ಷ ರೂಪಾಯಿ ದಾಟಿತು. ಅದೇ ಬಳೆಗೆ ಈಗ ಹೆಚ್ಚು ಸಾಲ ಸಿಗುತ್ತದೆ. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಪ್ರಕಟಿಸಿದ ನಿಯಮದಲ್ಲಿ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಮೌಲ್ಯದ ಶೇ. 85ರವರೆಗೆ ಕೊಡಲು ಅವಕಾಶವಿದೆ. ಸಿಗುತ್ತದೆಂದು ಪೂರ್ತಿ ತೆಗೆದುಕೊಂಡರೆ, ತೀರಿಸಬೇಕಾದದ್ದೂ ಅಷ್ಟೇ ದೊಡ್ಡದು. ತೀರಿಸಲಾಗದಿದ್ದರೆ ತಾಯಿಯ ಕಾಲದ ಒಡವೆ ಹರಾಜಿಗೆ ಹೋಗುತ್ತದೆ.

ಐದನೆಯದಾಗಿ, ಠೇವಣಿ ಎಲ್ಲಿದೆ ಎಂಬುದು. ಬ್ಯಾಂಕ್ ಠೇವಣಿಗೆ 2020ರ ಫೆಬ್ರುವರಿ 4ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಆದರೆ ಪತ್ತಿನ ಸಹಕಾರ ಸಂಘಗಳಿಗೆ, ಸೊಸೈಟಿಗಳಿಗೆ ಈ ವಿಮೆ ಇಲ್ಲ. ಪ್ರಾಮಾಣಿಕವಾಗಿ ನಡೆಯುವ ಸೊಸೈಟಿಗಳು ಎಷ್ಟೋ ಇವೆ, ಅವು ಬಡವರಿಗೆ ಮಾಡಿದ ಉಪಕಾರ ದೊಡ್ಡದು. ಹಾಗೆಂದು ಜೀವಮಾನದ ಉಳಿತಾಯವನ್ನು, ನಿವೃತ್ತಿಯ ಹಣವನ್ನು ಒಂದೇ ಕಡೆ ಇಡುವುದು ಜಾಣತನವಲ್ಲ. ಇನ್ನು ತಿಂಗಳಿಗೆ ಇಷ್ಟೇ ಲಾಭ ಖಚಿತ ಎಂದು ಹೇಳಿ ಹಣ ಕೇಳುವವರನ್ನು ದೂರದಿಂದಲೇ ಕೈಮುಗಿದು ಕಳುಹಿಸಬೇಕು. ದೊಡ್ಡ ದೊಡ್ಡ ಸರಕಾರಗಳೇ ಮುಂದಿನ ವರ್ಷದ ದರ ಹೇಳಲಾರದಿರುವಾಗ ಅವರು ಹೇಗೆ ಖಚಿತ ಹೇಳಬಲ್ಲರು?

ಕೊನೆಯದಾಗಿ, ನಮ್ಮ ಯುವಕರಿಗೆ ಒಂದು ಮಾತು. ಮೊಬೈಲಿನಲ್ಲಿ ಫ್ಯೂಚರ್ಸ್, ಆಪ್ಷನ್ಸ್ ಎಂದು ದಿನವಿಡೀ ಕುಳಿತಿರುವವರು ಊರೂರಲ್ಲೂ ಇದ್ದಾರೆ. 2021-22ರಿಂದ 2023-24ರವರೆಗಿನ ಮೂರು ವರ್ಷಗಳನ್ನು ಪರಿಶೀಲಿಸಿದ ಸೆಬಿ, ಇಂತಹ ವ್ಯವಹಾರ ಮಾಡಿದ ವ್ಯಕ್ತಿಗಳಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದ್ದಾರೆಂದು 2024ರ ಸೆಪ್ಟೆಂಬರ್‌ನಲ್ಲಿ ತಿಳಿಸಿತು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಇದನ್ನು ಹೂಡಿಕೆ ಎಂದು ಕರೆಯಲು ಮನಸ್ಸು ಒಪ್ಪುವುದಿಲ್ಲ.

ಮನೆಯ ಜಾಣತನ ಮಾತ್ರ ಸಾಲದು

ಎಲ್ಲವನ್ನೂ ಮನೆಯವರ ಹೆಗಲಿಗೆ ಹೊರಿಸಿ ಸರಕಾರಗಳು ಕೈತೊಳೆದುಕೊಳ್ಳುವಂತಿಲ್ಲ. ಯಾವ ಬೆಳೆ ಎಲ್ಲಿ ಎಷ್ಟು ಬಿತ್ತನೆಯಾಗಿದೆ ಎಂಬ ಮಾಹಿತಿ ಸುಗ್ಗಿಗೆ ತಿಂಗಳುಗಳ ಮೊದಲೇ ಅಧಿಕಾರಿಗಳ ಬಳಿ ಇರುತ್ತದೆ. ಅದು ರೈತರಿಗೆ ಹೊತ್ತಿಗೆ ಮುಟ್ಟಬೇಕು. ಖರೀದಿ ಕೇಂದ್ರಗಳು ಪ್ರತಿಭಟನೆಯ ನಂತರವಲ್ಲ, ಸುಗ್ಗಿಯ ಮೊದಲ ಚೀಲ ಬರುವ ಮುನ್ನ ತೆರೆಯಬೇಕು. ಗಿರಣಿಗಳ ಕಷ್ಟಕ್ಕೆ ಆಮದು ಸುಂಕ ಕೈಬಿಟ್ಟಾಗ ಬೆಳೆಗಾರರ ಕಷ್ಟಕ್ಕೂ ಅದೇ ದಿನ ಉತ್ತರವಿರಬೇಕು. ಗೊಬ್ಬರದ ದಾಸ್ತಾನು ಮಳೆಗೆ ಮೊದಲೇ ಸಿದ್ಧವಿರಬೇಕು. 2008ರಲ್ಲಿ ಹಾವೇರಿಯಲ್ಲಿ ಬಿದ್ದ ಹೆಣಗಳು ಕೇಳಿದ್ದು ಇಷ್ಟನ್ನೇ.

ಸ್ವಸಹಾಯ ಗುಂಪುಗಳಲ್ಲಿ, ಸಮಾಜಸೇವೆಯಲ್ಲಿ ದುಡಿಯುವವರಿಗೂ ಇಲ್ಲಿ ಕೆಲಸವಿದೆ. ಮುಂದಿನ ಸಭೆಯಲ್ಲಿ ಸಾಲದ ಅರ್ಜಿಗೆ ಸಹಿ ಹಾಕಿಸುವ ಮುನ್ನ ಮೇಲಿನ ಲೆಕ್ಕವನ್ನು ಆ ತಾಯಿಯೊಂದಿಗೆ ಕುಳಿತು ಒಮ್ಮೆ ಬರೆದು ನೋಡಿ. ಎಕರೆ ಎಷ್ಟು, ಖರ್ಚೆಷ್ಟು, ದರ ಬಿದ್ದರೆ ಉಳಿಯುವುದೆಷ್ಟು, ಕಂತೆಷ್ಟು. ಅರ್ಧ ಗಂಟೆಯ ಕೆಲಸ. ಕಂತು ತಪ್ಪಿದ ಮೇಲೆ ಹತ್ತು ಬಾರಿ ಮನೆಗೆ ಅಲೆಯುವುದಕ್ಕಿಂತ ಇದು ಸುಲಭ.

ಮುಂದಿನ ಬಾರಿ ಪೇಟೆಯಲ್ಲಿ ಬ್ಯಾಡಗಿ ಮೆಣಸು ಅಗ್ಗವಾದಾಗ ಧಾರಾಳವಾಗಿ ಕೊಳ್ಳೋಣ, ಅದರಿಂದ ಬೆಳೆದವರಿಗೂ ಒಳ್ಳೆಯದೇ. ಜೊತೆಗೆ ಮನೆಗೆ ಬಂದು, ನಮ್ಮ ಲೆಕ್ಕದ ಪುಸ್ತಕವನ್ನೂ ಒಮ್ಮೆ ತೆರೆದು ನೋಡೋಣ. ನಾವು ನೆಚ್ಚಿಕೊಂಡಿರುವ ದರವೂ ಒಂದು ಸೋಮವಾರ ಹೀಗೆಯೇ ಇಳಿಯಬಹುದು. ಆ ದಿನ ನಮ್ಮ ಮನೆಯ ಒಲೆ ಉರಿಯುವಂತೆ ಇಂದೇ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ.